ರಾಗಿ ಕೇಕಿನ ಟಿನ್ನಿಗೆ ಕಾಗದದ ಹಾಸು

ನಮ್ಮದು ಮಳೆ ನಂಬಿದ ರಾಗಿ ಹೊಲ. ರಾಗಿ-ಬೆಲ್ಲದ ಕೇಕು ಮಾಡಿ ಮಾರೋಣ ಅಂದಳು ಸೊಸೆ. ಮೊದಲ ಸಲ ಬರೀ ತುಪ್ಪ ಸವರಿದ್ದೆವು. ಬೆಲ್ಲ ತಳಕ್ಕೆ ಕಚ್ಚಿ ಅರ್ಧ ಕೇಕು ಟಿನ್ನಿನಲ್ಲೇ ಉಳೀತು. ಮುರಿದದ್ದನ್ನು ಅಂಗಡಿಯವರು ಮುಟ್ಟಲಿಲ್ಲ. ರಾಗಿಗೆ ಗೋಧಿಯ ಜಿಗುಟಿಲ್ಲ, ಕವುಚಿ ಬಡಿದರೆ ಪುಡಿಯೇ.

ಈಗ ಟಿನ್ನಿನ ಉದ್ದದಷ್ಟೇ ಅಗಲಕ್ಕೆ ಬೇಕಿಂಗ್ ಕಾಗದ ಕತ್ತರಿಸುತ್ತೇವೆ. ಒಳಗೆಲ್ಲ ತುಪ್ಪ ಸವರಿ (ಕಾಗದ ಜಾರಬಾರದಲ್ಲ), ತಳ ಮತ್ತು ಎರಡು ಉದ್ದ ಬದಿ ಮುಚ್ಚುವಂತೆ ಹಾಸಿ, ಆಚೀಚೆ 2 ಇಂಚು ಹೊರಗೆ ಬಿಡೋದು. ಬರಿದಾದ ಗಿಡ್ಡ ಬದಿಗಳಿಗೆ ಹಿಟ್ಟು ಉದುರಿಸಬೇಕು. ಬೆಂದು 10 ನಿಮಿಷ ಆರಿದ ಮೇಲೆ ಆ ಬದಿಗಳಲ್ಲಿ ಚಾಕು ಆಡಿಸಿ, ಕಾಗದದ ಕಿವಿ ಹಿಡಿದು ಎತ್ತಿ. ಮೇಣದ ಕಾಗದ ಬೇಡ, ಕರಗುತ್ತೆ. ಹಳೇ ಪತ್ರಿಕೆಯಂತೂ ಬೇಡವೇ ಬೇಡ, ಶಾಯಿ ತಿನಿಸಿಗೆ ಇಳಿಯುತ್ತೆ.