ಯಂತ್ರದ ಒಕ್ಕಲುತನವೂ ಮನೆಯ ಜೋಳವೂ

ರೋಣ ಸೀಮೆಯ ಸೂಡಿ ಗ್ರಾಮದ ಸುತ್ತಲಿನ ಎರೆಭೂಮಿಯು ಹಿಂಗಾರಿ ಪೈರಿಗೆ ತಕ್ಕುದಾಗಿರುವುದು. ಮಳೆಯ ನೀರನ್ನು ಒಡಲಲ್ಲಿ ಹಿಡಿದಿಟ್ಟು, ಮಳೆ ನಿಂತ ಮೇಲೆಯೂ ಬೆಳೆಗೆ ಉಣಿಸುವ ಗುಣ ಈ ಮಣ್ಣಿಗುಂಟು. ಹಿರಿಯರು ಇದನ್ನೇ ನೆಚ್ಚಿ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತುತ್ತ ಬಂದರು. ಜೋಳದ ಕಾಳು ಮನೆಗೆ ರೊಟ್ಟಿ, ಕಣಿಕೆಯು ಎತ್ತುಗಳಿಗೆ ಮೇವು, ಎತ್ತುಗಳ ಸಗಣಿಯು ಹೊಲಕ್ಕೆ ಗೊಬ್ಬರ. ಹೀಗೆ ಒಂದು ಚಕ್ರವು ನಡೆಯುತ್ತಿದ್ದಿತು.

ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಕೆಲಸ ಕಡಿಮೆಯಾಯಿತು. ಹರಗುವುದೂ ಬಿತ್ತುವುದೂ ಹದ ಮೀರುವ ಮುನ್ನವೇ ಮುಗಿಯುವಂತಾದುದು ದೊಡ್ಡ ಅನುಕೂಲವೇ ಸರಿ. ಆದರೆ ರಾಶಿಯ ಕಾಲದಲ್ಲಿ ಯಂತ್ರವು ಎಲ್ಲ ಬೆಳೆಗಳಿಗೂ ಸಮನಾಗಿ ಒದಗುವುದಿಲ್ಲ. 1999ರಲ್ಲಿ ಬಿಡುಗಡೆಯಾದ ಜೆಜಿ-11 ಕಡಲೆಯನ್ನು ಕಿತ್ತು ಗುಡ್ಡೆ ಹಾಕಿ ಯಂತ್ರಕ್ಕೆ ಕೊಡಬಹುದು. ನೆಟ್ಟಗೆ ಎತ್ತರವಾಗಿ ಬೆಳೆಯುವ ಜಿಬಿಎಂ-2 ತಳಿಯನ್ನು ನಿಂತ ಪೈರಿನಲ್ಲಿಯೇ ಕೊಯ್ಯಬಹುದು. ಮಾಲದಂಡಿ ಜೋಳವನ್ನಾದರೋ ಕೈಯಿಂದಲೇ ಕಿತ್ತು ತೆನೆ ಮುರಿಯಬೇಕು. ಕೊಯ್ಲಿನ ದೊಡ್ಡ ಯಂತ್ರವನ್ನು ಹೊಗಿಸಿದರೆ ಕಣಿಕೆ ನುಚ್ಚಾಗಿ ಮೇವು ಹಾಳಾಗುವುದು.

ಬೆಲೆಯೂ ಕಡಲೆಯ ಪಕ್ಷವನ್ನೇ ಹಿಡಿದಿದೆ. 2024-25ರ ಬೆಳೆಗೆ ಸರ್ಕಾರವು ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ ಕಡಲೆಗೆ 5,650 ರೂಪಾಯಿ, ಮಾಲದಂಡಿ ಜೋಳಕ್ಕೆ 3,421 ರೂಪಾಯಿ. ಆದುದರಿಂದ ರೈತನು ಕಡಲೆಯತ್ತ ವಾಲಿದರೆ ಅವನನ್ನು ದೂರಲಾಗದು. ಆದರೆ ಈ ಲೆಕ್ಕದಲ್ಲಿ ಕಣಿಕೆಯ ಬೆಲೆ ಸೇರಿಲ್ಲ. ಕೊಂಡು ತರಬೇಕಾದ ಜೋಳದ ಬೆಲೆಯೂ ಸೇರಿಲ್ಲ. ಜೋಳ ಬಿತ್ತದ ಊರಿನಲ್ಲಿ ಮೇವಿನ ಬಣವೆ ಇರದು. ಬರಗಾಲ ಬಂದರೆ ಭೂಮಾಲಿಕನು ಹೇಗಾದರೂ ಮೇವು ತಂದಾನು. ಒಂದೇ ಎಮ್ಮೆಯುಳ್ಳ ಬಡವನು ಅದನ್ನು ಮಾರಿಕೊಳ್ಳಬೇಕಾಗುವುದು. ಇದಲ್ಲದೆ ವರ್ಷ ವರ್ಷವೂ ಅದೇ ಹೊಲದಲ್ಲಿ ಕಡಲೆ ಹಾಕಿದರೆ ಸೊರಗು ರೋಗದ ಶಿಲೀಂಧ್ರವು ಮಣ್ಣಿನಲ್ಲಿ ಬೇರೂರುವುದು.

ಆದುದರಿಂದ ಊರ ಪ್ರಮುಖರೂ ಭೂಮಾಲಿಕರೂ ಈ ಮುಂದಿನ ಕ್ರಮಗಳನ್ನು ಅನುಸರಿಸುವುದು ಹಿತಕರ:

1. ಹಿಂಗಾರಿ ಹೊಲವನ್ನು ಎರಡು ಪಾಲು ಮಾಡಿ, ಒಂದರಲ್ಲಿ ಜೋಳ, ಇನ್ನೊಂದರಲ್ಲಿ ಕಡಲೆ ಬಿತ್ತಿ, ಮರುವರ್ಷ ಅದಲು ಬದಲು ಮಾಡತಕ್ಕದ್ದು. ಕಡಲೆಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುವುದರಿಂದ ಮುಂದಿನ ಜೋಳಕ್ಕೆ ಅನುಕೂಲವಾಗುವುದು.

2. ಕಡಲೆಯ ಬೀಜಕ್ಕೆ ಕಿಲೋಗ್ರಾಮಿಗೆ 4 ಗ್ರಾಂ ಟ್ರೈಕೊಡರ್ಮಾ ಲೇಪಿಸಿ ಬಿತ್ತತಕ್ಕದ್ದು.

3. ಜೋಳದ ಒಳ್ಳೆಯ ತೆನೆಗಳನ್ನು ನಿಂತ ಪೈರಿನಲ್ಲಿಯೇ ಗುರುತಿಸಿ, ಬೀಜಕ್ಕೆಂದು ಬೇರೆಯಾಗಿ ಇಡತಕ್ಕದ್ದು.

4. ಮೇವು ಕತ್ತರಿಸುವ ಯಂತ್ರವನ್ನು ನಾಲ್ಕಾರು ಮನೆಯವರು ಕೂಡಿ ಕೊಳ್ಳತಕ್ಕದ್ದು. ಕತ್ತರಿಸಿ ಹಾಕಿದ ಕಣಿಕೆಯನ್ನು ದನಗಳು ಕಾಲಲ್ಲಿ ತುಳಿದು ಕೆಡಿಸುವುದು ಕಡಿಮೆ.

ಯಂತ್ರವು ಬೇಡವೆಂದಲ್ಲ. ಅದಕ್ಕೆ ಒಗ್ಗುವ ಬೆಳೆಯನ್ನಷ್ಟೇ ಬೆಳೆಯುವೆನೆಂದರೆ ಊರಿನ ಅನ್ನವೂ ಮೇವೂ ಪೇಟೆಯ ಪಾಲಾಗುವುವು. ಗೌಡರ ಹೊಲದಲ್ಲಿ ಜೋಳವು ನಿಂತರೆ ನೆರೆಯವನೂ ಬಿತ್ತುವನು.