ಬಾಯಿ ನೋಡಬ್ಯಾಡ, ಕೈ ನೋಡು

ಬ್ರೇಕ್ ಡಾನ್ಸಿನ ಮೇಲೆ ನಾನು ಕೂತದ್ದು ಕಮ್ಮಿ, ನಿಂತದ್ದೇ ಹೆಚ್ಚು. ಕುಣಿತದ ಮಾತಲ್ಲ, ಜಾತ್ರೆಯ ಮಷೀನಿನ ಮಾತು. ಇಪ್ಪತ್ತು ವರ್ಷದ ಹಿಂದೆ, ಬಿ.ಕಾಂ. ಎರಡನೇ ವರ್ಷದ ಎರಡು ಪೇಪರು ಉಳಿಸಿಕೊಂಡು ಬೆಳಗಾವಿ ಪಕ್ಕದ ಸಾಂಬ್ರಾದ ಮನೆಯಲ್ಲಿ ಅಪ್ಪನ ಕಣ್ಣಿಗೆ ಬೀಳದಂತೆ ದಿನ ದೂಡುತ್ತಿದ್ದೆ. ಆ ಬೇಸಿಗೆಯಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ಮಹಾಲಕ್ಷ್ಮಿ ಜಾತ್ರೆ ಬಂತು.

ನಮ್ಮ ಕಡೆ ಈ ಜಾತ್ರೆ ವರ್ಷಾ ವರ್ಷಾ ಬರುವಂಥದ್ದಲ್ಲ. ಒಂದೂರಲ್ಲಿ ಐದು ವರ್ಷಕ್ಕೆ, ಇನ್ನೊಂದೂರಲ್ಲಿ ಹನ್ನೆರಡಕ್ಕೆ. ದೇವಿ ಗುಡಿಯಿಂದ ಹೊರಬಿದ್ದಳೆಂದರೆ ಊರಿಗೆ ಊರೇ ಭಂಡಾರದಲ್ಲಿ ಹಳದಿ. ಹೊನ್ನಾಟದ ಗದ್ದಲ, ಮನೆ ತುಂಬ ಬೀಗರು, ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹಾಸಿಗೆ. ಸುಗ್ಗಿ ಮುಗಿದು ಖಾಲಿ ಬಿದ್ದ ಹೊಲದಲ್ಲಿ ನಾಲ್ಕು ಲಾರಿ ಬಂದು ನಿಂತವು. ಪೈಪು ಇಳಿಸಲು ಆಳು ಬೇಕಿತ್ತು. ಇಳಿಸಲು ಹೋದವನು ಮೂರು ತಿಂಗಳು ಅವರ ಜೊತೆಗೇ ಉಳಿದೆ. ದಿನಕ್ಕೆ ನೂರಿಪ್ಪತ್ತು ರೂಪಾಯಿ, ಎರಡು ಊಟ, ರಾತ್ರಿ ಲಾರಿಯ ಕೆಳಗೆ ಹಾಸಿಗೆ.

ಮಷೀನು ನಡೆಸುತ್ತಿದ್ದ ಹಿರಿಯನಿಗೆ ಎಲ್ಲರೂ ಚಾಚಾ ಅನ್ನುತ್ತಿದ್ದರು. ಹಿಂದಿ, ಮರಾಠಿ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ತುರುಕುತ್ತಿದ್ದ. ಮೊದಲ ರಾತ್ರಿ ಪೂರ್ತಿ ಅವನು ನಮ್ಮಿಂದ ಮಾಡಿಸಿದ್ದು ಒಂದೇ ಕೆಲಸ: ಗೌಂಡಿಯ ರಸಮಟ್ಟ ಇಡುವುದು, ಗುಳ್ಳೆ ನೋಡುವುದು, ಕಟ್ಟಿಗೆಯ ದಿಮ್ಮಿ ಸರಿಸುವುದು, ಮತ್ತೆ ರಸಮಟ್ಟ ಇಡುವುದು. ಬೆಳಗಿನ ಜಾವ ಗುಳ್ಳೆ ನಡುವಿಗೆ ಬಂದು ನಿಂತಾಗ ಚಾಚಾ ಬೀಡಿ ಹಚ್ಚಿದ. ತಾಸಿಗೊಮ್ಮೆ ನೆಲ ಕೂರುತ್ತದೆ, ಸಂಜೆ ಮತ್ತೆ ನೋಡಬೇಕು ಅಂದ. ನನಗೆ ಸಿಟ್ಟು ಬಂದಿತ್ತು.

ಮಷೀನು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಡ್ಡ ಮಲಗಿಸಿದ ದೊಡ್ಡದೊಂದು ತಟ್ಟೆ, ಅದರ ಮೇಲೆ ಬೋಗುಣಿಯಂಥ ಡಬ್ಬಿಗಳು. ತಟ್ಟೆಗೆ ಮೋಟಾರ್ ಇದೆ, ಡಬ್ಬಿಗೆ ಇಲ್ಲ. ತಟ್ಟೆ ಒಂದು ದಿಕ್ಕಿಗೆ ಸುತ್ತಿದರೆ ಡಬ್ಬಿ ತನಗೆ ತೋಚಿದತ್ತ ಸುತ್ತುತ್ತದೆ. ಒಮ್ಮೆ ನಿಂತಂತೆ ಮಾಡುತ್ತದೆ, ಒಮ್ಮೆ ಗಕ್ಕನೆ ಹೊರಳುತ್ತದೆ. ತಿರುಗುವ ತಟ್ಟೆಯ ಮೇಲೆ ಬರಿಗಾಲಲ್ಲಿ ನಿಂತು, ಮುಂದೆ ಬಂದ ಡಬ್ಬಿಯ ಬೆನ್ನಿಗೆ ಕೈ ಹಚ್ಚಿ ದೂಡುವುದು ನನ್ನ ಕೆಲಸ. ಮೂರು ನಿಮಿಷಕ್ಕೆ ಹತ್ತು ರೂಪಾಯಿ. ಹಾಡಿನ ಲೆಕ್ಕವೂ ನನ್ನದೇ: ಒಂದು ಕನ್ನಡ, ಒಂದು ಮರಾಠಿ, ಒಂದು ಹಿಂದಿ. ಬೆಳಗಾವಿಯಲ್ಲಿ ಈ ಸರದಿ ತಪ್ಪಿದರೆ ಮಷೀನಿಗಿಂತ ಮೊದಲು ಜಗಳ ತಿರುಗುತ್ತದೆ.

ವಾರದೊಳಗೆ ತೂಕ ಓದುವುದು ಬಂತು. ಮೂವರು ಸಮ ತೂಕದವರು ಕೂತ ಡಬ್ಬಿ ಸೋಮಾರಿ, ಎಷ್ಟು ದೂಡಿದರೂ ತಿರುಗದು. ಒಂದು ತುದಿಗೆ ದಪ್ಪನೆಯ ಮಾವ, ಇನ್ನೊಂದು ತುದಿಗೆ ಸಣಕಲ ಅಳಿಯ ಕೂತರೆ ಅದು ಹುಚ್ಚೆದ್ದು ಸುತ್ತುತ್ತದೆ. ಆದರೆ ಯಾವ ಹೊತ್ತಿಗೆ, ಯಾವ ಕಡೆಗೆ ಅಂತ ಮಾತ್ರ ಹೇಳಲಾಗದು. ಅದು ನನ್ನ ದಡ್ಡತನ ಅಂದುಕೊಂಡಿದ್ದೆ. ಬಹಳ ವರ್ಷದ ಮೇಲೆ ಓದಿದಾಗ ಸಮಾಧಾನವಾಯಿತು. ಬ್ರೇಕ್ ಡಾನ್ಸಿನ ಅಜ್ಜ ಅನ್ನಬಹುದಾದ ಟಿಲ್ಟ್-ಎ-ವರ್ಲ್ ಎಂಬ ಆಟವನ್ನು 1926ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಹರ್ಬರ್ಟ್ ಸೆಲ್ನರ್ ಹುಟ್ಟುಹಾಕಿದ. 1994ರಲ್ಲಿ ಕೌಟ್ಸ್ ಮತ್ತು ಹಗ್ಗರ್ಡ್ ಎಂಬಿಬ್ಬರು ಅದರ ಲೆಕ್ಕ ಬಿಡಿಸಲು ಕೂತರು. ಮೆಲ್ಲಗೆ ತಿರುಗಿಸಿದರೆ ಡಬ್ಬಿಯ ನಡೆ ಮೊದಲೇ ಹೇಳಬಹುದು, ಜೋರಾಗಿ ತಿರುಗಿಸಿದರೆ ಅದು ಹೊರಗಿನ ಅಂಚಿಗೆ ಅಂಟಿಕೊಂಡುಬಿಡುತ್ತದೆ, ನಡುವಿನ ಒಂದು ವೇಗದಲ್ಲಿ ಮಾತ್ರ ಗಣಿತಕ್ಕೂ ಅದರ ಮುಂದಿನ ಹೆಜ್ಜೆ ಸಿಗುವುದಿಲ್ಲ ಎಂದು ಕಂಡುಕೊಂಡರು. ಚಾಚಾನಿಗೆ ಆ ವೇಗ ಪ್ಯಾನಲ್ಲಿನ ಹಿಡಿಕೆಯ ಮೇಲೆ ಬಣ್ಣ ಹಚ್ಚಿಟ್ಟ ಒಂದು ಗುರುತು. ಅದರ ಆಚೆ ಯಾರೂ ಒಯ್ಯಬಾರದು. ಭದ್ರತೆಗಲ್ಲವಂತೆ, "ಜೋರ ಆದ್ರ ಮಜಾ ಹೊಕ್ಕೈತಿ."

ಮಜಾ ಎಲ್ಲಿದೆ ಅನ್ನುವುದನ್ನು ಬರುವವರನ್ನು ನೋಡಿಯೇ ಕಲಿತದ್ದು. ದೊಡ್ಡ ತೊಟ್ಟಿಲಿಗೆ ಮುದುಕರೂ ಮಕ್ಕಳೂ ಬರುತ್ತಿದ್ದರು. ಮೇಲೆ ಹೋಗಿ ನಮ್ಮ ಮನೆ ಎಲ್ಲಿ, ಗುಡಿ ಎಲ್ಲಿ ಅಂತ ಬೆರಳು ಮಾಡುತ್ತಿದ್ದರು. ನಮ್ಮ ಮಷೀನಿನಿಂದ ಏನೂ ಕಾಣುವುದಿಲ್ಲ. ಊರು ಬಣ್ಣದ ಗೆರೆಯಾಗಿಬಿಡುತ್ತದೆ. ಹದಿನಾರರಿಂದ ಇಪ್ಪತ್ತೆರಡರ ತನಕದವರಿಗೆ ಬೇಕಾದದ್ದೂ ಅದೇ. ಜಾತ್ರೆಗೆ ಬಂದ ಸೋದರತ್ತೆಯ ಮಗ, ಮಾವನ ಮಗಳು, ಅವರ ಕಾವಲಿಗೆ ಕಳಿಸಿದ ತಂಗಿ, ಮೂವರೂ ಒಂದು ಡಬ್ಬಿಯಲ್ಲಿ. ಇಡೀ ದಿನ ಅಂಗಳದಲ್ಲಿ ಹತ್ತು ಮಾರು ದೂರ ನಿಂತು ಮಾತಾಡಿದವರು. ಡಬ್ಬಿ ಹೊರಳಿದಾಗ ಯಾರು ಯಾರ ಮೇಲೆ ಬಿದ್ದರೂ ತಪ್ಪು ಮಷೀನಿನದು. ಮೂರು ನಿಮಿಷ ಮುಗಿದು ಕೆಳಗಿಳಿದರೆ ಮತ್ತೆ ಹತ್ತು ಮಾರು ದೂರ. ಕಾವಲಿನ ತಂಗಿಯನ್ನು ಎಲ್ಲಿ ಕೂರಿಸಬೇಕೆಂಬ ಚರ್ಚೆ ಟಿಕೆಟ್ ಸಾಲಿನಲ್ಲೇ ಶುರುವಾಗುತ್ತಿತ್ತು. ಆಕೆ ಹಟ ಹಿಡಿದು ನಡುವೆ ಕೂತರೆ ಅವತ್ತಿನ ಹತ್ತು ರೂಪಾಯಿ ದಂಡ.

ಭಾನುವಾರ ಇನ್ನೊಂದು ಥರದವರು. ಸಾಂಬ್ರಾದ ವಾಯುಪಡೆಯ ಏರ್‌ಮೆನ್ ಟ್ರೇನಿಂಗ್ ಸ್ಕೂಲಿನಿಂದ ಬಿಡುವು ಸಿಕ್ಕ ರಂಗರೂಟರು. ಒಂದೇ ಅಳತೆಯ ಕ್ರಾಪು, ಇಸ್ತ್ರಿ ಅಂಗಿ, ಸಾಲಾಗಿ ನಿಲ್ಲುವ ಚಟ. ಬಿಹಾರ, ಹರಿಯಾಣ, ಕೇರಳ, ಎಲ್ಲೆಲ್ಲಿಯವರೋ. ವಾರಪೂರ್ತಿ ಎಡ-ಬಲ ಅನ್ನಿಸಿಕೊಂಡ ಹುಡುಗರು ಡಬ್ಬಿಯಲ್ಲಿ ಎಡ ಯಾವುದು ಬಲ ಯಾವುದು ತಿಳಿಯದೆ ತಮ್ಮ ತಮ್ಮ ತಾಯಿನುಡಿಯಲ್ಲಿ ಅರಚುತ್ತಿದ್ದರು. ಒಬ್ಬ ಸತತ ಆರು ಸಲ ಹತ್ತಿದ. ಕೊನೆಯ ಸಲ ಇಳಿದು ನನಗೆ ಸಲ್ಯೂಟ್ ಹೊಡೆದು, ಬೇಲಿಗೆ ಹೋಗಿ ಡಿಕ್ಕಿ ಕೊಟ್ಟ.

ಆ ಡಿಕ್ಕಿಗೆ ಕಾರಣ ಕಿವಿ. ಒಳಗಿವಿಯಲ್ಲಿ ಮೂರು ಅರೆವೃತ್ತದ ನಾಳ, ಅವುಗಳಲ್ಲಿ ದ್ರವ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ. ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ತಿರುಗಿದರೆ ಅದೂ ಜೊತೆಗೂಡಿಕೊಂಡು, ತಿರುಗುತ್ತಿದ್ದೇವೆ ಅನ್ನುವುದೇ ಮರೆಯುತ್ತದೆ. ಗಕ್ಕನೆ ನಿಂತರೆ ದ್ರವ ಮಾತ್ರ ಓಡುತ್ತಿರುತ್ತದೆ, ಮೆದುಳಿಗೆ ಉಲ್ಟಾ ತಿರುಗಿದ ಸುದ್ದಿ ಮುಟ್ಟುತ್ತದೆ. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ಈ ಗುಟ್ಟಿನ ಬೆನ್ನು ಹತ್ತಿದ್ದು, ಕಿವಿ ತೊಳೆಯುವಾಗ ರೋಗಿಗಳು ತಲೆ ಸುತ್ತುತ್ತದೆ ಎಂದು ಗೊಣಗಿದ್ದರಿಂದ. 1914ರ ನೊಬೆಲ್ ಬಂದ ಸುದ್ದಿ ತಲುಪಿದಾಗ ಆತ ರಷ್ಯನ್ನರ ಯುದ್ಧಕೈದಿಯಾಗಿದ್ದ. ಕಣ್ಣು ಕಟ್ಟಿ ಕೂರಿಸಿ ಸುತ್ತಿಸುವ, ಆತನದೇ ಹೆಸರಿನ ಕುರ್ಚಿ ಈಗಲೂ ವಿಮಾನ ಹಾರಿಸುವವರಿಗೆ ಒಂದು ಪಾಠ ಹೇಳುತ್ತದೆ: ಮೋಡದೊಳಗೆ ಕಿವಿಯನ್ನು ನಂಬಬೇಡ, ಮುಂದಿನ ಮುಳ್ಳು ನೋಡು. ಸಾಂಬ್ರಾದಲ್ಲಿ ವಿಮಾನದ ಸದ್ದಿನ ಕೆಳಗೇ ಬೆಳೆದ ನನಗೆ ಇದನ್ನು ಮೊದಲು ಕಲಿಸಿದ್ದು ಜಾತ್ರೆಯ ಬೇಲಿ. ಇಳಿದವರಿಗೆ ಅಲ್ಲೇಪಾಕ ಮಾರುವವನು ಅದೇ ಬೇಲಿಯ ಪಕ್ಕ ಕೂರುತ್ತಿದ್ದ. ಅವನ ವ್ಯಾಪಾರ ನಮ್ಮದಕ್ಕಿಂತ ಚೊಲೋ ಇತ್ತು.

ಇಷ್ಟು ಕಲಿತ ಮೇಲೆ ನನಗೆ ಸೊಕ್ಕು ಬಂತು. ತಟ್ಟೆ ತಿರುಗುವಾಗಲೇ ಹಾರಿ ಹತ್ತುವುದು, ಹಿಮ್ಮುಖ ನಡೆಯುವುದು, ಹುಡುಗಿಯರಿದ್ದ ಡಬ್ಬಿಗೆ ಎರಡು ಏಟು ಹೆಚ್ಚು ಹಾಕುವುದು. ಮಷೀನು ಖಾನಾಪುರ ತಾಲ್ಲೂಕಿನ ಒಂದು ಊರಿಗೆ ಹೋಯಿತು. ಅಲ್ಲಿ ಒಂದು ಸಂಜೆ ಕಾಲೇಜಿನ ಮೂವರು ಹುಡುಗಿಯರು ಹತ್ತಿದರು. ಇಬ್ಬರು ನಗುತ್ತಿದ್ದರು. ಹೊರಗಿನ ತುದಿಗೆ ಕೂತವಳು ಒದರುತ್ತಿದ್ದಳು. ಒದರಿದಷ್ಟೂ ನಾನು ದೂಡಿದೆ. ಒದರುವುದೇ ಅಲ್ಲವೇ ಮಷೀನಿನ ಸಂಬಳ! ಜನರೇಟರಿನ ಗುಡುಗು, ಸ್ಪೀಕರು, ನಾಲ್ಕು ಡಬ್ಬಿಗಳ ಕಿರುಚಾಟ. ಬೆಳಗಾವಿ ಕಡೆ ಸಾಕು ಅನ್ನುವುದೂ ಮೂರು ಬಾಯಲ್ಲಿ ಬರುತ್ತದೆ: ಸಾಕು, ಪುರೇ, ಬಸ್. ಆಕೆ ಮೂರನ್ನೂ ಅಂದಳಂತೆ. ನನಗೆ ಒಂದೂ ಕೇಳಲಿಲ್ಲ. ಅಥವಾ ಕೇಳಿತ್ತು; ಅದು ಆಟದ ಮಾತು ಅಂದುಕೊಂಡೆ. ಇವತ್ತಿಗೂ ಇದನ್ನು ನನ್ನೊಳಗೆ ಖಚಿತ ಮಾಡಿಕೊಳ್ಳಲು ಆಗಿಲ್ಲ.

ಚಾಚಾ ಪ್ಯಾನಲ್ ಇಳಿಸಿದ. ಕರೆಂಟು ತೆಗೆದರೂ ಅಷ್ಟು ಭಾರದ ತಟ್ಟೆ ತಕ್ಷಣ ನಿಲ್ಲುವುದಿಲ್ಲ. ಇನ್ನೂ ನಾಲ್ಕು ಸುತ್ತು ಬಂತು. ಆಕೆ ಇಳಿದಳು, ಮೂರು ಹೆಜ್ಜೆ ನಡೆದು ಮಣ್ಣಲ್ಲೇ ಕೂತಳು. ವಾಂತಿಯಿಲ್ಲ, ಅಳುವಿಲ್ಲ. ಬಳೆ ಒಡೆದು ಮಣಿಕಟ್ಟಿನಲ್ಲಿ ಒಂದು ಸಣ್ಣ ರಕ್ತದ ಗೆರೆ. ಗೆಳತಿಯರು ಇನ್ನೂ ನಗುತ್ತಲೇ ನೀರು ಕೊಟ್ಟರು. ನಾನು ಹತ್ತಿರ ಹೋದೆ, ಏನು ಹೇಳಬೇಕೆಂದು ಹೋದೆನೋ. ಆಕೆ ತಲೆ ಎತ್ತಿ, "ಸಾಕು ಅಂದ್ನೆಲ್ಲಾ. ನನ್ನ ಮಾರಿ ನೋಡಕೋಂತನ ತಿರಗಿಸಿದಿ," ಅಂದಳು. ಧ್ವನಿ ಏರಿಸಲಿಲ್ಲ.

ಆ ರಾತ್ರಿ ಚಾಚಾ ಬೈದಿದ್ದರೆ ಹಗುರಾಗುತ್ತಿತ್ತು. ಅವನು ನನ್ನನ್ನು ಪ್ಯಾನಲ್ ಪಕ್ಕ ಸ್ಟೂಲಿನ ಮೇಲೆ ಕೂರಿಸಿಕೊಂಡ. ಎರಡು ದಿನ ದೂಡುವ ಕೆಲಸವಿಲ್ಲ, ಬರೇ ನೋಡುವುದು. "ಬಾಯಿ ನೋಡಬ್ಯಾಡ, ಕೈ ನೋಡು. ಬಾಯಿ ಎಲ್ಲಾರದೂ ಒಂದ ಥರಾ ಒದರತೈತಿ." ನೋಡಿದೆ. ಖುಷಿಯಾದವರ ಕೈ ಒಂದು ಕಡೆ ನಿಲ್ಲುವುದಿಲ್ಲ. ಗಾಳಿಗೆ ಏಳುತ್ತದೆ, ಪಕ್ಕದವರ ಅಂಗಿ ಜಗ್ಗುತ್ತದೆ, ಕೂದಲು ಸರಿಮಾಡುತ್ತದೆ, ಕಂಬಿಗೆ ಹೋಗಿ ಮರಳಿ ಬರುತ್ತದೆ. ಅಂಜಿದವರ ಎರಡೂ ಕೈ ಕಂಬಿಗೆ ಬೆಸೆದಿರುತ್ತವೆ, ಮೊಣಕೈ ಪಕ್ಕೆಗೆ ಒತ್ತಿರುತ್ತದೆ, ಗೆಣ್ಣು ಬೆಳ್ಳಗಾಗಿರುತ್ತದೆ, ಬಾಯಿ ನಗುತ್ತಿದ್ದರೂ. ಮೂರನೆಯದು ಅಪರೂಪ: ಬೆರಳು ತಾನೇ ಬಿಚ್ಚಿಕೊಂಡು ಅಂಗೈ ಮೇಲ್ಮುಖವಾಗಿ ತೊಡೆಯ ಮೇಲೆ ಬೀಳುತ್ತದೆ. ಅದು ಕಂಡರೆ ಹಾಡು ಮುಗಿಯಲಿ ಅಂತ ಕಾಯಬಾರದು. ಗಂಡು ಹುಡುಗರಲ್ಲೂ ಇದನ್ನು ನೋಡಿದ್ದೇನೆ, ಗೆಳೆಯರ ಗುಂಪಿನ ನಡುವೆ ಸಿಕ್ಕಿಬಿದ್ದವರಲ್ಲಿ. ಅವರು ಸಾಕು ಅನ್ನುವುದೂ ಇಲ್ಲ. ಅಂದರೆ ವರ್ಷಗಟ್ಟಲೆ ಅಡ್ಡಹೆಸರು ಬೀಳುತ್ತದೆ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ನಮ್ಮವರಿಗೆ ಗೊತ್ತು: 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ಕಂಡವನು, ಅಲ್ಲಿನ ಹುಡುಗಿಯರ ಕೋಲಾಟವನ್ನು ಮೆಚ್ಚಿ ಬರೆದವನು. ಅದಕ್ಕೂ ಮುಂಚೆ, 1615ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ರಂಜಾನಿನ ಹಬ್ಬದ ಸಂಭ್ರಮದಲ್ಲಿ ಆತ ಒಂದು ದೊಡ್ಡ ತೊಟ್ಟಿಲು ಹತ್ತಿದ್ದ. ತನಗೆ ಬಹಳ ಖುಷಿಯಾಯಿತು ಎಂದೂ, ಪಕ್ಕದಲ್ಲಿದ್ದ ಗ್ರೀಕನೊಬ್ಬ ತಡೆಯಲಾರದೆ ಸಾಕು ಸಾಕು ಎಂದು ಕೂಗಿಕೊಂಡನೆಂದೂ ಬರೆದಿದ್ದಾನೆ. ಒಂದೇ ಚಕ್ರ, ಅಕ್ಕಪಕ್ಕದ ಇಬ್ಬರು. ಚಕ್ರ ತಿರುಗಿಸುತ್ತಿದ್ದವನು ಯಾರ ಕಡೆ ನೋಡುತ್ತಿದ್ದನೋ ಅಂತ ನನಗೆ ಓದುವಾಗ ಕುತೂಹಲ.

ಜುಲೈಯಲ್ಲಿ ವಡಗಾವಿಯ ಮಂಗಾಯಿ ಜಾತ್ರೆಗೆ ಮಷೀನು ಹೂಡಿದೆವು. ಹರಕೆಯ ಕೋಳಿಮರಿ ಗುಡಿಯ ಮೇಲೆ ಹಾರುತ್ತಿದ್ದವು, ಮಳೆ ನಿಂತು ನಿಂತು ಹುಯ್ಯುತ್ತಿತ್ತು. ಒದ್ದೆ ತಟ್ಟೆಯ ಮೇಲೆ ಚಾಚಾ ಯಾರನ್ನೂ ಹತ್ತಿಸಲಿಲ್ಲ. ಮಾಲೀಕನಿಗೂ ಅವನಿಗೂ ಮಾತಾಯಿತು. ದುಡ್ಡು ಆಗಲಿಲ್ಲ. ನಾನು ಪರೀಕ್ಷೆಗೆ ಕಟ್ಟಲು ಮನೆಗೆ ಬಂದೆ. ಹತ್ತುವ ಮೊದಲು ಎಲ್ಲ ಹುಡುಗಿಯರ ಜಡೆ ಸುತ್ತಿಸಿ, ಓಢಣಿ ಸೊಂಟಕ್ಕೆ ಬಿಗಿಸುತ್ತಿದ್ದ ಚಾಚಾನನ್ನು ಆಗ ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. 2023ರ ರಥಸಪ್ತಮಿಯ ಹೊತ್ತಿಗೆ ಶ್ರೀರಂಗಪಟ್ಟಣದ ಜಾತ್ರೆಯಲ್ಲಿ ಜಾಯಂಟ್ ವೀಲಿಗೆ ಹುಡುಗಿಯೊಬ್ಬಳ ಕೂದಲು ಸಿಕ್ಕಿ ನೆತ್ತಿಯ ಚರ್ಮವೇ ಕಿತ್ತುಬಂದ ಸುದ್ದಿ ಓದಿ, ಪೇಪರು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹೋದ ವರ್ಷ ಮಗಳು ಗೆಳತಿಯರೊಂದಿಗೆ ಬೆಳಗಾವಿಯಲ್ಲಿ ಎಕ್ಸಿಬಿಷನ್ನಿಗೆ ಹೊರಟಳು. ಹದಿನೈದು ವರ್ಷ. ಬೈಕಿನಲ್ಲಿ ಬಿಟ್ಟು ಬರುತ್ತೇನೆಂದು ಹೋದವನು ಬೇಲಿಯ ಹತ್ತಿರವೇ ನಿಂತೆ. ಟಿಕೆಟ್ ನೂರು ರೂಪಾಯಿ ಆಗಿತ್ತು. ತಟ್ಟೆಯ ಮೇಲೆ ಹಾರಾಡುತ್ತಿದ್ದ ಹುಡುಗನಿಗೆ ಇಪ್ಪತ್ತೂ ಇರಲಿಕ್ಕಿಲ್ಲ, ಹಿಮ್ಮುಖ ನಡೆಯುತ್ತಿದ್ದ. ಮಗಳ ಡಬ್ಬಿ ನನ್ನ ಮುಂದೆ ಬಂದಾಗಲೆಲ್ಲ ಆಕೆ ಸಾಕು ಸಾಕು ಎಂದು ಗಂಟಲು ಹರಿಯುವಂತೆ ಒದರುತ್ತಿದ್ದಳು; ಒಂದು ಕೈ ಗೆಳತಿಯ ಕೊರಳಲ್ಲಿ, ಇನ್ನೊಂದು ಗಾಳಿಯಲ್ಲಿ ಮೊಬೈಲ್ ಹಿಡಿದು. ನಾನು ಉಸಿರು ಬಿಟ್ಟೆ.

ಇಳಿದವರೇ ಇನ್ನೊಂದು ಸಲ ಅಂದರು. ಆ ಹೊತ್ತಿಗೆ ದೂಡುವ ಹುಡುಗ ಬೇಲಿಯ ಬಳಿ ಬಂದಿದ್ದ. ಅವನನ್ನು ಕರೆದೆ. "ತಮ್ಮಾ, ತಿರಗಿಸುವಾಗ ಅವರ ಕೈ ಕಡೆ..." ಎಂದು ಶುರುಮಾಡಿದೆ. ಅವನು ಒಂದು ಕಿವಿಯಿಂದ ಇಯರ್‌ಫೋನ್ ತೆಗೆದು "ಏನ್ರೀ ಅಣ್ಣಾ?" ಅಂದ. ಹಾಡು ಬದಲಾಯಿತು, ಸ್ಪೀಕರು ಗುಡುಗಿತು. ನಾನು ಕೈ ಎತ್ತಿ, ಬೆರಳು ಮಡಚಿ ಬಿಚ್ಚಿ ತೋರಿಸಿದೆ. ಐದು ಟಿಕೆಟ್ ಕೇಳಿದೆನೆಂದು ತಿಳಿದು ಅವನು ಕೌಂಟರಿನ ಕಡೆ ಬೆರಳು ಮಾಡಿ, ತಟ್ಟೆಯ ಮೇಲೆ ಹಾರಿದ. ಮಗಳು ಈ ಸಲ ಹೊರಗಿನ ತುದಿಗೆ ಕೂತಿದ್ದಳು.