ಹಸಿರುಗಟ್ಟಿದ ಕೆರೆ ನೀರು: ಕುದಿಸಿದರೆ ಸಾಕೇ?



ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಅದರ ಮೇಲೆ ಹಸಿರು ಬಣ್ಣ ಬಳಿದ ಹಾಗೆ ಕೆನೆ ಕಟ್ಟುವುದುಂಟು. "ಪಾಚಿ ಕಟ್ಟಿದೆ, ಅಷ್ಟೇ" ಅಂತ ನಾವು ಸುಮ್ಮನಾಗ್ತೇವೆ. ಆದರೆ ಕೆಲವು ಸಲ ಆ ಕೆನೆಯಲ್ಲಿ ವಿಷ ಇರುತ್ತದೆ. ಅದರ ಬಗ್ಗೆ ತಿಳಿಯೋಣ.

ಪಾಚಿ ಏಕೆ ಹೆಚ್ಚುತ್ತದೆ?

ಬೆಳೆಗೆ ಬೇಕಾದ ಹಾಗೆಯೇ ಪಾಚಿಗೂ ಸಾರಜನಕ, ರಂಜಕ ಬೇಕು. ಹೊಲಕ್ಕೆ ಹಾಕಿದ ಯೂರಿಯಾ, ಡಿ.ಎ.ಪಿ. ಗೊಬ್ಬರದ ಒಂದು ಪಾಲು ಮಳೆಯಲ್ಲಿ ಕೊಚ್ಚಿಕೊಂಡು ಕೆರೆ ಸೇರುತ್ತದೆ. ಚರಂಡಿ ನೀರು, ಸಗಣಿಯೂ ಸೇರುತ್ತವೆ. ಬಿಸಿಲು ಹೆಚ್ಚಿ ನೀರು ಅಲುಗಾಡದೆ ನಿಂತರೆ ಪಾಚಿ ಕೆಲವೇ ದಿನಗಳಲ್ಲಿ ಹರಡುತ್ತದೆ.

ಇವುಗಳಲ್ಲಿ ಅಪಾಯದ್ದು ನೀಲಿ-ಹಸಿರು ಪಾಚಿ. ಹೆಸರು ಪಾಚಿಯಾದರೂ ಇದು ನಿಜವಾಗಿ ಬ್ಯಾಕ್ಟೀರಿಯಾ ಗುಂಪಿನದು. ಇವೆಲ್ಲವೂ ಕೆಟ್ಟವಲ್ಲ. ಗಾಳಿಯ ಸಾರಜನಕ ಹಿಡಿದು ಭತ್ತದ ಗದ್ದೆಗೆ ಗೊಬ್ಬರವಾಗುವವೂ ಇವೆ. ಆದರೆ ಮೈಕ್ರೊಸಿಸ್ಟಿಸ್ ಎಂಬ ಜಾತಿ ಮೈಕ್ರೊಸಿಸ್ಟಿನ್ ಎಂಬ ವಿಷ ತಯಾರಿಸಬಲ್ಲದು. ಅದು ಯಕೃತ್ತನ್ನು, ಅಂದರೆ ಲಿವರನ್ನು ಕೆಡಿಸುತ್ತದೆ.

ಪರಿಣಾಮಗಳು

1. ಮೀನು: ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಲು ಅದನ್ನು ಬಳಸುತ್ತದೆ. ಸತ್ತ ಪಾಚಿ ಕೊಳೆಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ. ಅದಕ್ಕೇ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ, ಸಾಯುತ್ತವೆ.

2. ದನಕರು: ಗಾಳಿ ಈ ಕೆನೆಯನ್ನು ಒಂದು ದಡಕ್ಕೆ ತಳ್ಳುತ್ತದೆ. ದನ ಅಲ್ಲೇ ಬಾಯಿ ಹಾಕಿದರೆ ಕಷ್ಟ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂಥ ನೀರು ಕುಡಿದು ಕುರಿ, ದನ, ಕುದುರೆಗಳು ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ ಎಂಬುವರು 1878ರಲ್ಲೇ 'ನೇಚರ್' ಪತ್ರಿಕೆಗೆ ಬರೆದಿದ್ದರು.

3. ಜನ: ಮೈ ತುರಿಕೆ, ವಾಂತಿ, ಭೇದಿ ಆಗಬಹುದು. ವಿಷ ಹೆಚ್ಚಾದರೆ ಯಕೃತ್ತಿಗೆ ಪೆಟ್ಟು.

ಕುದಿಸಿದರೆ ಸರಿಹೋಗುವುದಿಲ್ಲವೇ?

ಇಲ್ಲ! ಇದೇ ಮುಖ್ಯ ವಿಷಯ. ಕುದಿಸಿದರೆ ರೋಗಾಣು ಸಾಯುತ್ತವೆ, ಈ ವಿಷ ಸಾಯುವುದಿಲ್ಲ. ಪಾಚಿಯ ಕೋಶ ಒಡೆದು ಒಳಗಿನ ವಿಷ ನೀರಿಗೆ ಬರುತ್ತದೆ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಕರಗಿದ ವಿಷ ಹೋಗುವುದಿಲ್ಲ. ಅಮೆರಿಕದ ಈರಿ ಸರೋವರದ ನೀರು ಕುಡಿಯುವ ಟೊಲಿಡೊ ನಗರದಲ್ಲಿ 2014ರ ಆಗಸ್ಟ್‌ನಲ್ಲಿ ಹೀಗೇ ಆಯಿತು. ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಸುಮಾರು 5 ಲಕ್ಷ ಜನರಿಗೆ ಹೇಳಬೇಕಾಯಿತು. ಸುತ್ತಲಿನ ಹೊಲಗಳಿಂದ ಹರಿದುಬಂದ ರಂಜಕವೇ ಅಲ್ಲಿ ಪಾಚಿ ಬೆಳೆಯಲು ಮುಖ್ಯ ಕಾರಣ.

ಗುರುತಿಸುವುದು ಹೇಗೆ?

ಉದ್ದ ಕೋಲಿನಿಂದ ಕೆನೆಯನ್ನು ಎತ್ತಿ ನೋಡಿ. ಕೂದಲಿನಂತೆ ಎಳೆ ಎಳೆಯಾಗಿ ಜೋತುಬಿದ್ದರೆ ಬಹುಮಟ್ಟಿಗೆ ಸಾಮಾನ್ಯ ಪಾಚಿ. ಕೋಲಿಗೆ ಬಣ್ಣ ಮೆತ್ತಿದಂತಾದರೆ ನೀಲಿ-ಹಸಿರು ಪಾಚಿ ಇರಬಹುದು. ಕೈಯಲ್ಲಿ ಮುಟ್ಟಬೇಡಿ. ವಿಷ ಇದೆಯೋ ಇಲ್ಲವೋ ಎಂಬುದು ಪ್ರಯೋಗಾಲಯದಲ್ಲೇ ಗೊತ್ತಾಗಬೇಕು. ಅಲ್ಲಿಯವರೆಗೆ ಇದೆ ಎಂದೇ ತಿಳಿಯುವುದು ಕ್ಷೇಮ.

ನಾವು ಮಾಡಬೇಕಾದದ್ದು

* ಅಂಥ ನೀರಿನಲ್ಲಿ ಈಜಬಾರದು, ದನಗಳ ಮೈ ತೊಳೆಯಬಾರದು.
* ದನಗಳಿಗೆ ಕೊಳವೆಬಾವಿ ನೀರನ್ನು ತೊಟ್ಟಿಗೆ ಬಿಟ್ಟು ಕುಡಿಸಬೇಕು.
* ಮಳೆ ಬರುವ ಮುಂಚೆ ಗೊಬ್ಬರ ಎರಚದಂತೆ ಮನೆಯಲ್ಲಿ ಹೇಳಬೇಕು.
* ತಿಪ್ಪೆ, ಚರಂಡಿಯ ನೀರು ಕೆರೆಗೆ ಹರಿಯದಂತೆ ನೋಡಿಕೊಳ್ಳಬೇಕು.
* ಕೆನೆ ಕಂಡರೆ ಗುರುಗಳಿಗೂ ಪಂಚಾಯ್ತಿಗೂ ತಿಳಿಸಬೇಕು.

ಈ ಪಾಠ ಓದಿದವರು ಇವತ್ತೇ ದನ ಕಾಯುವವರಿಗೆ ಒಂದು ಮಾತು ಹೇಳಿ. ಅವರಿಗೆ ಗೋಡೆ ಪತ್ರಿಕೆ ಓದಲು ಬಿಡುವಿರುವುದಿಲ್ಲ.